ದಿಂಬಿನ ಮೇಲಿನ ಹಂಸ

ನಮ್ಮ ಯಲ್ಲದಕೆರೆಯಲ್ಲಿ ಹಂಸವನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೂ ಊರಿನ ಅರ್ಧಕ್ಕರ್ಧ ದಿಂಬುಗಳ ಮೇಲೆ ಜೋಡಿ ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಈಜುತ್ತಿದ್ದವು. ಈಜಲು ನೀರು? ಅವುಗಳ ಹೊಟ್ಟೆಯ ಕೆಳಗೆ ಎಳೆದ ಮೂರು ನೀಲಿ ದಾರದ ಗೆರೆಗಳೇ ನೀರು. ಹಿರಿಯೂರು ತಾಲ್ಲೂಕಿಗೆ ಅಷ್ಟೇ ಧಾರಾಳ. ನಮ್ಮ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬೀಳಬೇಕಾದರೆ 2022 ಬರಬೇಕಾಯಿತು. ನಡುವಿನ 89 ವರ್ಷ ಗಂಡಸರು ಆಕಾಶ ನೋಡುತ್ತ ಕೂತರು; ಹೆಂಗಸರು ದಿಂಬಿನ ಚೀಲದ ಮೇಲೆ ಕೆರೆ ತುಂಬಿಸಿಕೊಂಡರು.

ಹಂಸದ ನಂತರದ ಸ್ಥಾನ ಕೊಡೆ ಹಿಡಿದ ದೊರೆಸಾನಿಯದು. ನೆರಿಗೆ ನೆರಿಗೆಯ ಉದ್ದ ಲಂಗ, ತಲೆಯ ಮೇಲೆ ದೊಡ್ಡ ಟೋಪಿ, ಸುತ್ತ ಒಂದಷ್ಟು ಹೂಗಿಡ. ಈಕೆ ಇಂಗ್ಲೆಂಡಿನಿಂದ ಯಾವ ಪ್ಯಾಟರ್ನ್ ಪುಸ್ತಕದಲ್ಲಿ ಕೂತು, ಎಷ್ಟು ಕಾರ್ಬನ್ ಕಾಗದಗಳ ಕೆಳಗೆ ನುಸುಳಿ ನಮ್ಮೂರಿಗೆ ಬಂದು ಸೇರಿದಳೋ. ಕಸೂತಿಯವರಿಗೆ ಈಕೆಯ ಮೇಲೆ ಇದ್ದ ಪ್ರೀತಿಗೆ ಒಂದು ಗುಟ್ಟಾದ ಕಾರಣವಿತ್ತು: ಟೋಪಿ ಮುಖವನ್ನು ಪೂರ್ತಿ ಮುಚ್ಚುತ್ತಿದ್ದುದರಿಂದ ಕಣ್ಣು ಮೂಗು ಬಾಯಿ ಹೊಲಿಯುವ ಕಷ್ಟವೇ ಇರಲಿಲ್ಲ. ಮೂರನೆಯದು ಚಿಮಣಿಯಿಂದ ಹೊಗೆ ಬರುವ ಪುಟ್ಟ ಮನೆ. ಚಿಕ್ಕಮ್ಮ ಅದನ್ನು ಹೊಲಿದು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ದಿನ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಒಳಗೆ ಯಾರೋ ಮುದ್ದೆಗೆ ಎಸರಿಟ್ಟವ್ರೆ ಕಣೆ" ಅಂದರು. ಅಲ್ಲಿಂದ ಮುಂದೆ ನನಗೆ ಇಂಗ್ಲೆಂಡ್ ಅಂದರೆ ರಾಗಿಮುದ್ದೆ ಬೇಯುವ ದೇಶ.

ಚಿಕ್ಕಮ್ಮ ನಮ್ಮ ಮನೆಯ ಕಲಾವಿದೆ. ಹಾಗಂತ ಯಾರೂ ಕರೆಯುತ್ತಿರಲಿಲ್ಲ. "ಸುಮ್ನೆ ಕೂತ್ಕಂಡು ಏನೋ ಚುಚ್ಚುತಾಳೆ" ಅನ್ನುತ್ತಿದ್ದರು. ಬೆಳಗ್ಗೆಯಿಂದ ಕೊಟ್ಟಿಗೆ, ಒಲೆ, ಕಡಲೆಕಾಯಿ ಕಣ ಎಲ್ಲ ಮುಗಿಸಿ ಮಧ್ಯಾಹ್ನ ನಡುಮನೆಯ ಹೊಸ್ತಿಲಲ್ಲಿ ಬೆಳಕಿಗೆ ಬೆನ್ನು ಕೊಟ್ಟು ಕೂತರೆ ಅದು ಸುಮ್ಮನೆ ಕೂತದ್ದು. ಕೈಯಲ್ಲಿ ಮರದ ರಿಂಗು, ಅದರೊಳಗೆ ಬಿಗಿದ ಬಟ್ಟೆ. ಆ್ಯಂಕರ್ ದಾರದಲ್ಲಿ ಆರು ಎಳೆ. ಗುಲಾಬಿ ದಳಕ್ಕೆ ಮೂರೆಳೆ, ಎಲೆಯ ನರಕ್ಕೆ ಎರಡೆಳೆ, ಕೇಸರಕ್ಕೆ ಒಂದೆಳೆ. ಆ ಎಳೆಗಳನ್ನು ಸಿಕ್ಕಾಗದಂತೆ ಬಿಡಿಸುವುದು ಒಂದು ವಿದ್ಯೆ, ದಾರದ ತುದಿಯನ್ನು ತುಟಿಯಲ್ಲಿ ತೇವ ಮಾಡಿ ಒಂದೇ ಏಟಿಗೆ ಸೂಜಿಗೆ ಪೋಣಿಸುವುದು ಇನ್ನೊಂದು. ಲೇಜಿ ಡೇಜಿ, ಫ್ರೆಂಚ್ ನಾಟ್, ಹೆರಿಂಗ್ ಬೋನ್, ಬುಲಿಯನ್ ರೋಸ್. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಚಿಕ್ಕಮ್ಮನ ಬಾಯಲ್ಲಿ ಇಷ್ಟೊಂದು ಇಂಗ್ಲಿಷು ಉಪ್ಪು ಮೆಣಸಿನಕಾಯಿ ಅಂದಷ್ಟೇ ಸಲೀಸಾಗಿ ಬರುತ್ತಿತ್ತು. ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ.

ನನ್ನ ಹುದ್ದೆ ದಾರ ತರುವುದು. ಬೆಂಕಿಪೊಟ್ಟಣದೊಳಗೆ ಬೆರಳುದ್ದದ ದಾರದ ತುಂಡಿಟ್ಟು, "ಇದೇ ಬಣ್ಣ, ಒಂಚೂರು ಕಡಿಮೆ ಆದ್ರೂ ಬ್ಯಾಡ, ಜಾಸ್ತಿ ಆದ್ರೂ ಬ್ಯಾಡ" ಎಂದು ಹಿರಿಯೂರಿನ ಬಸ್ಸು ಹತ್ತಿಸುತ್ತಿದ್ದರು. ಬಣ್ಣ ಗುರುತಿಸುವುದರಲ್ಲಿ ನನ್ನ ಕಣ್ಣು ಬಲು ಚುರುಕು. ಈ ಒಂದು ವಿಷಯದಲ್ಲಿ ವಿನಯ ತೋರಿಸುವ ಅಗತ್ಯ ನನಗೆ ಈಗಲೂ ಕಂಡಿಲ್ಲ. ಅಂಗಡಿಯವರು ಶೇಡ್ ಕಾರ್ಡ್ ಬಿಚ್ಚಿದರೆ ಗುಲಾಬಿ ಒಂದರಲ್ಲೇ ಒಂದಿಡೀ ಕುಟುಂಬ: ಅಜ್ಜಿ ಗುಲಾಬಿ, ಅತ್ತೆ ಗುಲಾಬಿ, ಈಗಷ್ಟೇ ಹುಟ್ಟಿದ ಗುಲಾಬಿ. ದಾರವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು, ಬೀದಿಗೆ ತಂದು ಬಿಸಿಲಲ್ಲಿ ನೋಡಬೇಕು. ಹೀಗೆ ನಾನು ನಡುಬೀದಿಯಲ್ಲಿ ನಿಂತು ದಾರವನ್ನು ಆಕಾಶಕ್ಕೆ ಹಿಡಿದಿದ್ದಾಗ ಓರಗೆಯ ಹುಡುಗರು ನೋಡಿದರೆ ಸಂಜೆಯ ಕಬಡ್ಡಿಯಲ್ಲಿ ನನಗೊಂದು ಹೊಸ ಹೆಸರು ಕಾದಿರುತ್ತಿತ್ತು.

ಸೂಜಿ ಹಿಡಿಯುವ ಆಸೆಯೂ ನನಗೆ ಇತ್ತು. "ಗಂಡುಹುಡುಗನಿಗೆ ಸೂಜಿ ಯಾಕಲಾ, ದಬ್ಬಳ ತಗಂಡು ಚೀಲ ಹೊಲಿ" ಎಂದು ಅಪ್ಪ ಕಡಲೆಕಾಯಿ ಮೂಟೆಯ ಕಡೆ ಕೈ ತೋರಿಸಿದರು. ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಗಲ್ಲಿಯೊಂದರಲ್ಲಿ ಮದುವೆಯ ರವಿಕೆಗಳಿಗೆ ಮಗ್ಗದ ಕೆಲಸ ಮಾಡುವ ಮಹಡಿ ಹತ್ತಿದೆ. ಮಂಚದಗಲದ ಚೌಕಟ್ಟಿಗೆ ಬಟ್ಟೆ ಬಿಗಿದು, ಸುತ್ತ ಚಕ್ಕಳಮಕ್ಕಳ ಹಾಕಿ ಕೂತವರೆಲ್ಲ ಗಂಡಸರು! ಮೀಸೆ ಹೊತ್ತವರು. ಉತ್ತರ ಪ್ರದೇಶ, ಬಂಗಾಳಗಳ ಕಡೆ ಜರ್ದೋಸಿ ಅಪ್ಪನಿಂದ ಮಗನಿಗೆ ಬರುವ ಕಸುಬು. ಆರಿ ಎಂಬ ಕೊಕ್ಕೆಸೂಜಿಯಂತೂ ಮೊದಲಿಗೆ ಕಛ್‌ನ ಮೋಚಿಗಳು ಚರ್ಮ ಚುಚ್ಚಲು ಹಿಡಿದದ್ದು. ಅಂದರೆ ಚೀಲದ ದಬ್ಬಳಕ್ಕೂ ಮದುವಣಗಿತ್ತಿಯ ತೋಳಿನ ಮೇಲಿನ ನವಿಲಿಗೂ ನಮ್ಮಪ್ಪ ಅಂದುಕೊಂಡಷ್ಟು ದೂರವಿರಲಿಲ್ಲ. ಇದನ್ನು ಅವರಿಗೆ ಹೇಳೋಣವೆಂದರೆ ಅವರು ಆಗಲೇ ಇರಲಿಲ್ಲ.

ಚಿಕ್ಕಮ್ಮನ ಕೈಗೆಲಸಕ್ಕೆ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಬಟ್ಟೆಯ ಹಿಂಬದಿಯಲ್ಲಿ. ಹೆಣ್ಣು ನೋಡಲು ಬಂದವರ ಕಡೆಯ ಒಬ್ಬ ಹಿರಿಯ ಹೆಂಗಸು ಟೇಬಲ್ ಕ್ಲಾತನ್ನು ಹೊಗಳುತ್ತಲೇ ಮೆಲ್ಲಗೆ ಅಂಚು ಮಗುಚಿದರೆ ನಮ್ಮ ಮನೆಯವರ ಉಸಿರು ನಿಲ್ಲುತ್ತಿತ್ತು. ಹಿಂದೆ ಗಂಟು ಕಂಡರೆ, ದಾರ ಒಂದು ಹೂವಿನಿಂದ ಇನ್ನೊಂದಕ್ಕೆ ಅಡ್ಡದಾರಿ ಹಿಡಿದಿದ್ದರೆ ಹುಡುಗಿಯ ಗುಣದ ಮೇಲೇ ಸಂದೇಹ. ಹುಡುಗನ ಹಿಂಬದಿಯನ್ನು ಯಾರೂ ಮಗುಚಿ ನೋಡುತ್ತಿರಲಿಲ್ಲ. ಧಾರವಾಡದ ಕಡೆಯಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದವರೊಬ್ಬರು ತಮ್ಮ ಕಸೂತಿಯ ಇಳಕಲ್ ಸೀರೆ ತೋರಿಸಿದಾಗ ಚಿಕ್ಕಮ್ಮ ಸೆರಗನ್ನು ಆ ಕಡೆ ಈ ಕಡೆ ಹತ್ತು ಸಲ ತಿರುಗಿಸಿ ಮಾತೇ ಕಳೆದುಕೊಂಡರು. ಗವಂತಿ ಹೊಲಿಗೆಯ ಗೋಪುರ, ತುಳಸಿಕಟ್ಟೆ. ಎರಡೂ ಬದಿಯಲ್ಲಿ ಒಂದೇ ಥರ, ಒಂದು ಗಂಟಿಲ್ಲ, ಬಟ್ಟೆಯ ಮೇಲೆ ಗೆರೆ ಬರೆದುಕೊಂಡ ಗುರುತೂ ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹೋಗುವುದಂತೆ. ಅಂದು ರಾತ್ರಿ ಚಿಕ್ಕಮ್ಮ ತಮ್ಮ ಹಂಸಗಳನ್ನೆಲ್ಲ ಮಗುಚಿ ನೋಡಿ, "ಇವು ಹಿಂದ್ಗಡೆ ನೋಡಿದ್ರೆ ಕೋಳಿ" ಎಂದು ನಿಟ್ಟುಸಿರಿಟ್ಟರು.

ಆದರೆ ಅವರ ನಿಜವಾದ ಹೊಟ್ಟೆಕಿಚ್ಚು ಲಂಬಾಣಿ ಹೆಂಗಸರ ಮೇಲೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಸುತ್ತ ತಾಂಡಾಗಳಿಗೆ ಕೊರತೆಯಿಲ್ಲ. ಕಡಲೆಕಾಯಿ ಕೀಳುವ ಕಾಲಕ್ಕೆ ಅವರು ಹೊಲಕ್ಕೆ ಬಂದರೆ ದೂರದಿಂದಲೇ ಗೊತ್ತಾಗುತ್ತಿತ್ತು: ಕಾಂಚಳಿ ರವಿಕೆಯ ಕನ್ನಡಿಗಳು ಬಿಸಿಲನ್ನು ಹಿಡಿದು ನಮ್ಮ ಕಣ್ಣಿಗೇ ತಿರುಗಿ ಎಸೆಯುತ್ತಿದ್ದವು. ಫೇಟಿಯಾ ಲಂಗದ ಅಂಚಿಗೆ ಕವಡೆ, ನಾಣ್ಯ, ಮಣಿ. ಒಂದು ಅಂಗುಲ ಬಟ್ಟೆಯೂ ಖಾಲಿ ಇರದು. ಕಿಲನ್, ವೇಲೆ, ಬಕ್ಯಾ, ಮಾಕಿ, ನಾಕ್ರಾ ಎಂದು ಅವರ ಹೊಲಿಗೆಗಳೇ ಹದಿನಾಲ್ಕು ಬಗೆ. ಚಿಕ್ಕಮ್ಮ ಕಸೂತಿಯನ್ನು ಧೂಳು ತಾಗದಂತೆ ಪೆಟ್ಟಿಗೆಯಲ್ಲಿಡುತ್ತಿದ್ದರು. ಆ ಹೆಂಗಸರು ಅದನ್ನೇ ಉಟ್ಟು ಕಡಲೆಕಾಯಿ ಕೀಳುತ್ತಿದ್ದರು. "ಇಷ್ಟು ಚೆಂದದ್ದನ್ನ ಹೊಲಕ್ಕೆ ಉಟ್ಕಂಡು ಬರ್ತೀರಲ್ಲೇ" ಅಂದದ್ದಕ್ಕೆ ಅವರಲ್ಲೊಬ್ಬಳು, "ಹೊಲದಾಗೆ ಅಲ್ದೆ ಇನ್ನೆಲ್ಲಿ ಇರ್ತೀವಿ ನಾವು?" ಎಂದು ನಕ್ಕಳು. ಈಗ ಅವರ ಮೊಮ್ಮಕ್ಕಳು ಚೂಡಿದಾರದವರು. ಸಂಡೂರಿನ ಕುಶಲ ಕಲಾ ಕೇಂದ್ರದಂಥ ಕಡೆ ಆ ಹೊಲಿಗೆ ಉಳಿದಿದೆ. 2023ರ ಜುಲೈನಲ್ಲಿ ಹಂಪಿಗೆ ಜಿ-20 ಸಭೆ ಬಂದಾಗ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಸಂತೋಷವೇ. ಆದರೆ ಪ್ರದರ್ಶನದಲ್ಲಿ ಇಟ್ಟ ಫೇಟಿಯಾ ಅಲ್ಲಾಡುವುದಿಲ್ಲ. ಹೊಲದ ಬದುವಿನ ಮೇಲೆ ಅದು ನಡೆದು ಬರುವಾಗಿನ ಸದ್ದಿಗೆ ದಾಖಲೆ ಕೊಡುವವರಿಲ್ಲ.

ಮನೆಗೆ ಟೀವಿ ಬಂದ ಮೇಲೆ ಚಿಕ್ಕಮ್ಮ ಸೂಜಿ ಬಿಟ್ಟು ಕ್ರೋಶಾ ಕಡ್ಡಿ ಹಿಡಿದರು. ಅದಕ್ಕೆ ಮೊದಲೇ ರೇಡಿಯೋಗೆ ಒಂದು ಅಂಗಿ, ಕನ್ನಡಿಗೊಂದು ಪರದೆ, ನೀರಿನ ಹೂಜಿಗೆ ಮಣಿಯ ಅಂಚಿನ ಮುಸುಕು ಆಗಿದ್ದವು. ಟೀವಿಗೆ ಮಾತ್ರ ರಾಜಮರ್ಯಾದೆ: ಬಿಳಿ ದಾರದ ಲೇಸು, ಅಂಚಿಗೆ ಅನಾನಸ್ ಡಿಸೈನು, ತುದಿಗೆ ಮುತ್ತು. ವಾರ್ತೆ ಓದುವವರ ಹಣೆಯ ಮೇಲೆ ಲೇಸಿನ ತೋರಣ ಇಳಿಬಿದ್ದಿರುತ್ತಿತ್ತು. ಕಪಿಲ್ ದೇವ್ ಎತ್ತಿ ಹೊಡೆದ ಚೆಂಡು ಅನಾನಸ್ಸಿನೊಳಗೆ ಮಾಯವಾಗಿ ಸಿಕ್ಸರೋ ಕ್ಯಾಚೋ ಗೊತ್ತಾಗದೆ ಗಂಡಸರು ಒದ್ದಾಡುತ್ತಿದ್ದರು. ಲೇಸನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಇದರಿಂದ ಏನು ಉಪಯೋಗ ಅಂತ ಅಪ್ಪ ಒಮ್ಮೆ ಕೇಳಿದ್ದರು. ಉಪಯೋಗವಿರಲಿಲ್ಲ. ಅದೇ ಅದರ ಸೊಗಸು ಅಂತ ನನಗೆ ಈಗ ಅನಿಸುತ್ತದೆ. ಸಗಣಿ ಬೆರಣಿಯಾಗಬೇಕು, ಹಳೇ ಸೀರೆ ಕೌದಿಯಾಗಬೇಕು, ತೊಳೆದ ನೀರು ತೆಂಗಿನ ಬುಡಕ್ಕೆ ಹೋಗಬೇಕು ಎನ್ನುವ ಬಯಲುಸೀಮೆಯ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದ್ದೊಂದನ್ನು ಅಷ್ಟು ಶ್ರದ್ಧೆಯಿಂದ ಮಾಡಿದವರು ಚಿಕ್ಕಮ್ಮ ಒಬ್ಬರೇ. ಇದಕ್ಕೆ ಇನ್ನೊಂದು ಮುಖ ಇರುವುದು ನನಗೆ ತಿಳಿದದ್ದು ಆಂಧ್ರದ ನರಸಾಪುರದ ಲೇಸಿನ ಬಗ್ಗೆ ಓದಿದಾಗ. ಮಿಷನರಿಗಳು ಕಲಿಸಿದ ಕ್ರೋಶಾ ಅಲ್ಲಿ ದೊಡ್ಡ ರಫ್ತು ವ್ಯಾಪಾರವೇ ಆಗಿ ಬೆಳೆಯಿತು. ಮರಿಯಾ ಮೀಸ್ 1982ರಲ್ಲಿ ಬರೆದ ಪುಸ್ತಕದಲ್ಲಿ ತೋರಿಸಿದಂತೆ, ಹೆಣೆಯುವವರು ಗೃಹಿಣಿಯರು, ಬಿಡುವಿಗೆ ಏನೋ ಮಾಡುತ್ತಾರೆ ಎನ್ನುವ ನೆಪದಲ್ಲೇ ಕೂಲಿ ಪುಡಿಗಾಸಾಗಿತ್ತು. 'ಸುಮ್ನೆ ಕೂತ್ಕಂಡು ಚುಚ್ಚುತಾಳೆ' ಎಂಬ ನಮ್ಮ ಮನೆಯ ಮಾತು ಅಲ್ಲಿ ಹಡಗು ಹತ್ತಿ ಹೊರದೇಶಕ್ಕೆ ಹೋಗಿತ್ತು.

ಚಿಕ್ಕಮ್ಮನ ಮೊಮ್ಮಗಳು ಈ ಕೂಲಿಯ ವಿಷಯದಲ್ಲಿ ಬಲು ಖಡಕ್ಕು. ಅವಳು ಫ್ಯಾಷನ್ ಡಿಸೈನಿಂಗ್ ಓದಿ ಊರಿಗೇ ಬಂದು ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಹಾಕಿದ್ದಾಳೆ. ಸೀರೆ ಕುಚ್ಚು, ಆರಿ ವರ್ಕ್, ಬ್ಲೌಸ್ ಡಿಸೈನ್. ಬೇಬಿ ಕುಚ್ಚಿಗೆ ಒಂದು ರೇಟು, ಕ್ರೋಶಾ ಕುಚ್ಚಿಗೆ ಒಂದು, ಮಣಿ ಸೇರಿಸಿದರೆ ಮತ್ತೊಂದು. ಎಲ್ಲ ಬರೆದು ಗೋಡೆಗೆ ಅಂಟಿಸಿದ್ದಾಳೆ. ಡಿಸೈನನ್ನು ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿ ಉಜ್ಜಿದರೆ ಬಟ್ಟೆಯ ಮೇಲೆ ಚುಕ್ಕಿಯ ನವಿಲು ಮೂಡುತ್ತದೆ. ಆಮೇಲೆ ಆರಿ ಸೂಜಿಯ ಟಿಕ್ ಟಿಕ್. ಅವಳು ಫೋನಿನಲ್ಲಿ ನನಗೊಂದು ವಿಡಿಯೊ ತೋರಿಸಿದಳು. ಫ್ರಾನ್ಸಿನ ಲುನೆವಿಲ್ ಊರಿನ ಹೆಸರು ಹೊತ್ತ ಮಣಿಕೆಲಸವದು: ಇದೇ ಕೊಕ್ಕೆಸೂಜಿ, ಆದರೆ ಮಣಿಗಳು ಬಟ್ಟೆಯ ಕೆಳಗಡೆ ಇರುತ್ತವೆ, ಹೊಲಿಯುವವರಿಗೆ ಕಾಣುವುದು ಬರೀ ಹಿಂಬದಿ. "ನೋಡಿ ದೊಡ್ಡಪ್ಪ, ಕೊಕ್ಕೆಹೊಲಿಗೆ ನಮ್ ಕಡೆಯಿಂದ್ಲೇ ಅಲ್ಲಿಗೆ ಹೋಗಿದ್ದಂತೆ" ಅಂದಳು. ಹದಿನೆಂಟನೇ ಶತಮಾನದಲ್ಲಿ ಹೋದದ್ದು ಈಗ ಕೂಲಿಯ ರೂಪದಲ್ಲಿ ವಾಪಸು ಬರುತ್ತಿದೆ. ಪ್ಯಾರಿಸ್ಸಿನ ದೊಡ್ಡ ದೊಡ್ಡ ಫ್ಯಾಷನ್ ಕಂಪನಿಗಳ ಮಣಿಕೆಲಸ ಬಹಳಷ್ಟು ಮುಂಬಯಿಯಲ್ಲೇ ಆಗುತ್ತದೆ. 2023ರ ಮಾರ್ಚ್ 30ರಂದು ಡಿಯೋರ್ ಕಂಪನಿ ಗೇಟ್‌ವೇ ಆಫ್ ಇಂಡಿಯಾ ಎದುರಿಗೇ ಫ್ಯಾಷನ್ ಶೋ ಮಾಡಿ, ಆ ಕಮಾನಿಗೆ ಮುಂಬಯಿಯ ಚಾಣಕ್ಯ ಎಂಬ ಕಸೂತಿ ಸಂಸ್ಥೆಯವರು ಹೊಲಿದ ಭಾರಿ ತೋರಣ ಕಟ್ಟಿಸಿತು. ನಮ್ಮನೆ ಬಾಗಿಲ ತೋರಣದಲ್ಲಿ ಸ್ವಾಗತವನ್ನಾದರೂ ಮಣಿಯಲ್ಲಿ ಬರೆದಿತ್ತು ಎಂಬುದು ಚಿಕ್ಕಮ್ಮನ ವಿಮರ್ಶೆ.

ಹೋದ ಸಲ ಊರಿಗೆ ಹೋದಾಗ ಅಜ್ಜಿ ಮೊಮ್ಮಗಳು ನಡುಮನೆಯಲ್ಲಿ ಕತ್ತರಿ ಹಿಡಿದು ಕೂತಿದ್ದರು. ಮುಂದೆ ಹರಡಿದ್ದದ್ದು ಅದೇ ಅನಾನಸ್ ಲೇಸು. ಹಿರಿಯೂರಿನ ಮದುಮಗಳೊಬ್ಬಳ ರವಿಕೆಯ ತೋಳಿಗೆ 'ವಿಂಟೇಜ್ ಲೇಸ್' ಬೇಕಂತೆ. ನಾನು "ಅಯ್ಯೋ, ಇದನ್ನು ಕತ್ತರಿಸುವುದಾ!" ಎಂದು ಕೂಗಿಕೊಂಡೆ. ಚಿಕ್ಕಮ್ಮ ತಲೆ ಎತ್ತಲಿಲ್ಲ.

"ಟೀವಿ ಈಗ ಗ್ವಾಡೆ ಮ್ಯಾಲೆ ನೇತಾಡ್ತೈತೆ. ತಲೆ ಇಲ್ದಿದ್ದಕ್ಕೆ ಟೋಪಿ ಎಲ್ಲಿಂದ ಹಾಕ್ಲಿ? ನೀನು ಬೇಕಾರೆ ಹೊದ್ಕ."

ಕತ್ತರಿ ಅನಾನಸ್ಸಿನ ಬುಡದಲ್ಲಿ ಕಚಕ್ಕೆಂದಿತು. ಒಂದು ಎಳೆಯೂ ಬಿಚ್ಚದಂತೆ ಯಾವ ಸಾಲಿನಲ್ಲಿ ಕತ್ತರಿಸಬೇಕೆಂಬುದು ಹೆಣೆದ ಕೈಗೆ ಮಾತ್ರ ಗೊತ್ತು. ಅದನ್ನು ತೋರಿಸಿಕೊಡುತ್ತಲೇ ಚಿಕ್ಕಮ್ಮ, ಈ ಲೇಸಿಗೆ ಗಿರಾಕಿಯ ಹತ್ತಿರ ಎಷ್ಟು ಜಾಸ್ತಿ ತಗೊಂಡೆ ಎಂದು ವಿಚಾರಿಸಿದರು. ಮೊಮ್ಮಗಳು ಹೇಳಿದಳು. ಮೊತ್ತ ಕೇಳಿ ಕತ್ತರಿ ಕೆಳಗಿಟ್ಟು, ಕನ್ನಡಕ ಸರಿ ಮಾಡಿಕೊಂಡು, "ಹಂಗಾದ್ರೆ ಅರ್ಧ ನಂಗೆ" ಅಂದರು. ಮೊಮ್ಮಗಳು ಕಾಲು ಭಾಗ ಅಂದಳು. ಡಿಸೈನ್ ತನ್ನದು, ಗಿರಾಕಿ ತನ್ನವಳು, ಕರೆಂಟ್ ಬಿಲ್ಲು ತನ್ನದು ಎಂದು ವಾದಿಸಿದಳು. ನಾನು ನಡುವೆ ಬಾಯಿ ಹಾಕಹೋದರೆ ಇಬ್ಬರೂ ಸೇರಿ, "ನೀನು ಸುಮ್ನಿರು, ಲೇಸು ಹಾಕಿದ್ದು ನೀನಾ?" ಎಂದು ನನ್ನ ಮೇಲೇ ತಿರುಗಿಬಿದ್ದರು. ನಾನು ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಮಾತು ಮೂರನೇ ಒಂದಕ್ಕೆ ಬಂದು ನಿಂತಿತ್ತು. ಚಿಕ್ಕಮ್ಮ ಒಪ್ಪಿರಲಿಲ್ಲ, ಪೆಟ್ಟಿಗೆಯಿಂದ ರೇಡಿಯೋದ ಅಂಗಿಯನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡು, ಇದಕ್ಕೆ ಬೇರೆ ರೇಟು ಎನ್ನುತ್ತಿದ್ದರು.