ಒಂದು ದೊಡ್ಡ ಸಂಖ್ಯೆಯೂ ನಮ್ಮ ತಪ್ಪೂ

ಈ ಸ್ಮರಣ ಸಂಚಿಕೆಗೆ ಶಾಲೆಯ ಏಳಿಗೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಮ್ಮನ್ನು ಕೇಳಿದ್ದಾರೆ. ಅದನ್ನು ವಾರ್ಷಿಕ ವರದಿಯು ಹೇಳುವದು. ನಾವು ಒಂದು ಸಂಖ್ಯೆಯ ವಿಷಯವನ್ನು ಬರೆಯುವೆವು. ಯಾಕಂದರೆ ಅದರ ದೆಸೆಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೇಳದೆ ಉಳಿಸಿಕೊಂಡ ಮಾತೊಂದು ನಮ್ಮಲ್ಲಿದೆ.

ಆ ಸಂಖ್ಯೆಯು 4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಅದು ಹುಟ್ಟುವ ಬಗೆ ಸುಲಭವಾದದ್ದು. 2ನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ತಿರುಗಿ ಅದರಿಂದಲೇ ಗುಣಿಸುತ್ತ ಹೋದರೆ 4, 16, 256, 65536 ಎಂದು ಬೆಳೆಯುವದು. 2 ಮೊದಲ್ಗೊಂಡು ಒಂದೊಂದಕ್ಕೂ 1ನ್ನು ಕೂಡಿಸಿದರೆ 3, 5, 17, 257, 65537 ಆಗುವವು. ಈ ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮ ಹೊರತು ಬೇರಾವ ಸಂಖ್ಯೆಯೂ ಅವನ್ನು ಶೇಷವಿಲ್ಲದೆ ಭಾಗಿಸಲಾರದು. ಆರನೆಯದೇ ನಮ್ಮ ದೊಡ್ಡ ಸಂಖ್ಯೆ. ಅದೂ ಅದರ ಮುಂದಿನವೆಲ್ಲವೂ ಹಾಗೆಯೇ ಇರುವವೆಂದು ಫ್ರಾನ್ಸ್ ದೇಶದ ಫರ್ಮಾ ಎಂಬ ಪಂಡಿತನು 1640ರಲ್ಲಿ ನಂಬಿದನು; ರುಜುವಾತು ಮಾತ್ರ ತನಗೆ ದೊರೆತಿಲ್ಲವೆಂದು ಒಪ್ಪಿಕೊಂಡಿದ್ದನು.

ನಾವು ಟ್ರೇನಿಂಗ್ ಮುಗಿಸಿ ಬಂದ ಹೊಸತರಲ್ಲಿ ಈ ಐದನ್ನು ಕರಿಹಲಗೆಯ ಮೇಲೆ ಬರೆದು, ಆರನೆಯದನ್ನೂ ಅವುಗಳ ಸಾಲಿಗೆ ಸೇರಿಸಿದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಟೀಚರ್, ಅದನ್ನು ಯಾರಾದರೂ ಭಾಗಿಸಿ ನೋಡಿದ್ದಾರೋ?” ಎಂದು ಕೇಳಿದಳು. “ಐದು ಸರಿಯಾದ ಮೇಲೆ ಆರನೆಯದಕ್ಕೇನಾಗಿದೆ? ದೊಡ್ಡವರ ಮಾತನ್ನು ಪರೀಕ್ಷಿಸುವಷ್ಟು ದೊಡ್ಡವಳಾದೆಯೋ? ಕೂತುಕೋ” ಎಂದು ಗದರಿಸಿದೆವು. ತರಗತಿಯೆಲ್ಲ ನಕ್ಕಿತು. ಆ ನಗೆಯನ್ನು ನಾವು ತಡೆಯಲಿಲ್ಲ.

ಬೇಸಗೆಯ ರಜೆ ಕಳೆದು ಬಂದ ದಿನ ಅವಳು ಒಂದು ನೋಟುಪುಸ್ತಕವನ್ನು ನಮ್ಮ ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದಳು. ಅವಿಭಾಜ್ಯ ಸಂಖ್ಯೆಗಳನ್ನು 2ರಿಂದ ಕ್ರಮವಾಗಿ ಹಿಡಿದು, ಒಂದೊಂದರಿಂದಲೂ ಆ ದೊಡ್ಡ ಸಂಖ್ಯೆಯನ್ನು ಕೈಲೆಕ್ಕದಿಂದ ಭಾಗಿಸಿದ್ದಳು. ಎರಡು ಕಡೆ ತಪ್ಪಿ, ಹೊಡೆದುಹಾಕಿ, ತಿರುಗಿ ಮಾಡಿದ್ದಳು. 115 ಸಂಖ್ಯೆಗಳು ಶೇಷವನ್ನು ಉಳಿಸಿದ್ದವು. 116ನೆಯದು 641, ಭಾಗಲಬ್ಧ 6700417, ಶೇಷ ಸೊನ್ನೆ.

ಆ ರಾತ್ರಿ ಗ್ರಂಥಗಳನ್ನು ತೆಗೆದು ನೋಡಲಾಗಿ, ಆಯ್ಲರ್ ಎಂಬ ಸ್ವಿಸ್ ಪಂಡಿತನು 1732ರಲ್ಲೇ ಈ 641ನ್ನು ಕಂಡುಹಿಡಿದಿದ್ದನೆಂದು ತಿಳಿಯಿತು. ಅವನ ದಾರಿ ಬಲು ಚಂದ. ಈ ಸಂಖ್ಯೆಯ ಭಾಜಕವು ಯಾವದೇ ಆಗಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕೆಂದು ಅವನು ಮುಂದೆ ಸಿದ್ಧಮಾಡಿ ತೋರಿಸಿದನು. ಹಾಗಾದರೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641. ಐದನೆಯ ಸಲಕ್ಕೇ ಫಲ! ನಮ್ಮ ಹುಡುಗಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವರು ಅವಳನ್ನು ಗದರಿಸಿ ಕುಳ್ಳಿರಿಸಿದ್ದರು. 641 ಎಂಬುದು 625ಕ್ಕೆ 16ನ್ನು ಕೂಡಿಸಿದರೂ ಬರುವದು, 5ನ್ನು 128ರಿಂದ ಗುಣಿಸಿ 1ನ್ನು ಕೂಡಿಸಿದರೂ ಬರುವದು. ಇವೆರಡರಿಂದಲೇ, ಉದ್ದ ಭಾಗಾಕಾರವಿಲ್ಲದೆ, ಅದು ಭಾಜಕವೆಂದು ತೋರಿಸಬಹುದು. ಗಣಿತವನ್ನು ಮರೆಯದ ಹಳೆಯ ವಿದ್ಯಾರ್ಥಿನಿಯರು ಮಾಡಿ ನೋಡಲಿ. ಫರ್ಮಾನ ಸಾಲಿನಲ್ಲಿ ಆ ಮೊದಲಿನ ಐದರ ಹೊರತು ಇನ್ನೊಂದು ಅವಿಭಾಜ್ಯವು ಇಂದಿನವರೆಗೂ ಯಾರಿಗೂ ಸಿಕ್ಕಿಲ್ಲ.

ಮರುದಿನ ತರಗತಿಯಲ್ಲಿ 641ರ ವಿಷಯವನ್ನು ಹೇಳಿದೆವು. ಆಯ್ಲರನ ಹೆಸರನ್ನು ಹೇಳಿದೆವು. ಅವಳ ಹೆಸರನ್ನು ಹೇಳಲಿಲ್ಲ. ಅವಳು ತಲೆ ತಗ್ಗಿಸಿ, ಉಳಿದವರಂತೆಯೇ ಬರೆದುಕೊಂಡಳು. ಆ ವರುಷದ ಕೊನೆಗೆ ತಂದೆಗೆ ವರ್ಗವಾಗಿ ಶಾಲೆಯನ್ನು ಬಿಟ್ಟುಹೋದಳು.

ನೋಟುಪುಸ್ತಕವು ನಮ್ಮ ಪೆಟ್ಟಿಗೆಯಲ್ಲಿದೆ. ಆಗ ಹಾಕದೆ ಬಿಟ್ಟ ಸರಿ ಗುರುತನ್ನು ಕೊನೆಯ ಪುಟದಲ್ಲಿ ಈಗ ಹಾಕಿ, ಕೆಳಗೆ ಸಹಿ ಮಾಡಿದ್ದೇವೆ. ಅದರ ಒಡತಿಯು ಇದನ್ನು ಓದಿದರೆ, ಇಲ್ಲವೆ ಅವಳನ್ನು ಬಲ್ಲ ಗೆಳತಿಯರು ತಿಳಿಸಿದರೆ, ಬಂದು ಕೊಂಡೊಯ್ಯಬೇಕೆಂದು ಬೇಡುತ್ತೇವೆ.