ವ್ಯೋಮನೌಕೆಯ ಶಿಸ್ತು

ನೌಕೆಯೊಂದಕ್ಕೆ ಹೊಸ ಅಧಿಪತಿಯೊಬ್ಬನು ಬರುತ್ತಾನೆ. ಹಿಂದಿನವನಿಗಿಂತ ಬಹಳ ಬಿಗಿಯಾದ ಮನುಷ್ಯ. ಬಂದವನೇ, ಮೂರು ಪಾಳಿಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ನಾಲ್ಕು ಪಾಳಿಗಳಿಗೆ ಮಾರ್ಪಡಿಸಬೇಕೆಂದು ಉಪನಾಯಕನಿಗೆ ಅಪ್ಪಣೆ ಕೊಡುತ್ತಾನೆ. ಉಪನಾಯಕನು ವಿಭಾಗಗಳ ಮುಖ್ಯಸ್ಥರನ್ನು ವಿಚಾರಿಸಿ, ಇದರಿಂದ ಜನರಿಗೆ ತೊಂದರೆಯುಂಟೆಂದು ತಿಳಿದು, ಆ ಮಾತನ್ನು ಅರಿಕೆಮಾಡುವ ತನಕ ಕಾರ್ಯವನ್ನು ತಡೆಹಿಡಿಯುತ್ತಾನೆ. ಅಧಿಪತಿಯು ಕೇಳುವುದು ಒಂದೇ ಪ್ರಶ್ನೆ: ನಾನು ಹೇಳಿದ್ದು ಆಯಿತೋ, ಇಲ್ಲವೋ? ಆಗಿರಲಿಲ್ಲ. ಇಬ್ಬರಲ್ಲಿ ತಪ್ಪು ಯಾರದು?

ಈ ನೌಕೆಯು ಸಮುದ್ರದ್ದಲ್ಲ, ನಕ್ಷತ್ರಗಳ ನಡುವೆ ಸಂಚರಿಸುವುದು. ಹೆಸರು ಎಂಟರ್‌ಪ್ರೈಸ್. ಅಮೆರಿಕದ ಸ್ಟಾರ್ ಟ್ರೆಕ್ ಎಂಬ ಟೆಲಿವಿಷನ್ ಕಥಾಮಾಲೆಯಲ್ಲಿ ಈ ಸಂಚಿಕೆಯ ಎರಡು ಭಾಗಗಳು 1992ರ ಡಿಸೆಂಬರಿನಲ್ಲಿ ಪ್ರಸಾರವಾದುವು. ಹೊಸ ಅಧಿಪತಿಯ ಹೆಸರು ಜೆಲಿಕೊ, ಉಪನಾಯಕನದು ರೈಕರ್. ಅಂದಿನಿಂದ ಮೂರು ದಶಕಗಳು ಕಳೆದರೂ ಈ ಕಥಾಮಾಲೆಯ ಅಭಿಮಾನಿಗಳಲ್ಲಿ ಪಾಳಿಯ ವಾದವು ಮುಗಿದಿಲ್ಲ. ಯುದ್ಧವು ಬಾಗಿಲಲ್ಲಿ ನಿಂತಿರುವಾಗ ಅಪ್ಪಣೆಯನ್ನು ಮುಂದೂಡುವ ಉಪನಾಯಕನು ದಂಡಾರ್ಹನೆಂದು ಒಂದು ಪಕ್ಷ. ಎರಡು ದಿನಗಳಲ್ಲಿ ನೌಕೆಯನ್ನೆಲ್ಲ ಬುಡಮೇಲು ಮಾಡುವವನು ನಾಯಕನೇ ಅಲ್ಲವೆಂದು ಇನ್ನೊಂದು ಪಕ್ಷ. ನಮ್ಮ ಮನೆಯಲ್ಲಿಯೂ ಈ ಎರಡು ಪಕ್ಷಗಳುಂಟು. ವ್ಯಾಕರಣವನ್ನೂ ಸ್ವಲ್ಪ ನ್ಯಾಯಶಾಸ್ತ್ರವನ್ನೂ ಓದಿ, ಆಯುಸ್ಸನ್ನೆಲ್ಲ ಮಕ್ಕಳಿಗೆ ಶಬ್ದರೂಪಗಳನ್ನು ಕಲಿಸುವುದರಲ್ಲಿಯೇ ಕಳೆದ ನನಗೆ ಇಂತಹ ವಾದಗಳಲ್ಲಿ ಸಹಜವಾಗಿಯೇ ಆಸಕ್ತಿ. ಪೂರ್ವಪಕ್ಷ ಸಿದ್ಧಾಂತಗಳು ಎಲ್ಲಿ ನಡೆದರೇನು?

ವಾದಕ್ಕೆ ಮೂಲಕಾರಣವೊಂದಿದೆ. ಆ ನೌಕೆಯವರು ಸೈನಿಕರೇ ಅಲ್ಲವೇ ಎಂಬುದನ್ನು ಕಥೆಗಾರರೇ ಸ್ಪಷ್ಟಪಡಿಸಲಿಲ್ಲ. ಇದನ್ನು ಕಲ್ಪಿಸಿದ ಜೀನ್ ರಾಡನ್‌ಬರಿಯು ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನವನ್ನು ನಡೆಸಿದವನು. ಬಳಿಕ ಲಾಸ್ ಏಂಜಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. ಆದುದರಿಂದ ಪದವಿಗಳು, ಸಮವಸ್ತ್ರ, ಸೈನಿಕ ನ್ಯಾಯಾಲಯ ಎಲ್ಲವೂ ಅವನ ಕಥೆಯಲ್ಲಿ ಬಂದುವು. ಆದರೆ ನೌಕೆಯ ಉದ್ದೇಶವು ಅನ್ವೇಷಣೆಯೆಂದನು. 1967ರ ಒಂದು ಸಂಚಿಕೆಯಲ್ಲಿ ಅಧಿಪತಿ ಕರ್ಕನು ತಾನು ಯೋಧನೆಂದು ಹೇಳಿಕೊಳ್ಳುತ್ತಾನೆ. 1989ರಲ್ಲಿ ಅದೇ ಹೆಸರಿನ ಮತ್ತೊಂದು ನೌಕೆಯ ಅಧಿಪತಿ ಪಿಕಾರ್ಡನು ತಮ್ಮದು ಸೈನಿಕ ಸಂಸ್ಥೆಯಲ್ಲವೆನ್ನುತ್ತಾನೆ. ಸೂತ್ರಗಳೇ ಪರಸ್ಪರ ವಿರುದ್ಧವಾದಮೇಲೆ ಭಾಷ್ಯಕಾರರಿಗೆ ಕೆಲಸವೇನು ಕಡಮೆ?

ಈ ವಿವಾದಕ್ಕೆ ಈಚೆಗೆ ಮತ್ತೊಂದು ಹೊಸೆದುಕೊಂಡಿದೆ. ನಾನಾ ಜಾತಿಯ, ನಾನಾ ಬಣ್ಣದ, ನಾನಾ ರೀತಿಯ ಜನರನ್ನು ಒಂದು ನೌಕೆಯಲ್ಲಿ ತುಂಬಿದರೆ ಶಿಸ್ತು ಉಳಿಯುವುದೇ ಎಂಬುದು ಅದು. ಈ ಪ್ರಶ್ನೆ ಹೊಸದೆಂದು ಭಾವಿಸುವವರು ಕಥಾಮಾಲೆಯು ಆರಂಭವಾದ 1966ನೆಯ ಇಸವಿಯನ್ನು ನೆನೆಯಬೇಕು. ಆಗಲೇ ಆ ನೌಕೆಯ ಸಂದೇಶಾಧಿಕಾರಿಣಿ ಉಹೂರಾ ಆಫ್ರಿಕದ ವಂಶದವಳು. ಚುಕ್ಕಾಣಿ ಹಿಡಿದ ಸುಲು ಏಷ್ಯದವನು. ಉಪನಾಯಕ ಸ್ಪಾಕನು ಭೂಮಿಯವನೇ ಅಲ್ಲ, ಅನ್ಯಗ್ರಹದ ತಂದೆಗೂ ಮಾನವಸ್ತ್ರೀಗೂ ಹುಟ್ಟಿದವನು. ಮರುವರ್ಷ ರಷ್ಯದ ತರುಣನೊಬ್ಬನು ಸೇರಿದನು, ಅದೂ ಅಮೆರಿಕಕ್ಕೂ ರಷ್ಯಕ್ಕೂ ಹಗೆ ಹೊಗೆಯಾಡುತ್ತಿದ್ದ ಕಾಲದಲ್ಲಿ. ಸುಲುವಿನ ಪಾತ್ರವನ್ನು ವಹಿಸಿದ ಜಾರ್ಜ್ ಟಕೇ ಬಾಲ್ಯದಲ್ಲಿ, ಜಪಾನೀ ವಂಶದವನೆಂಬ ಒಂದೇ ಕಾರಣದಿಂದ, ತಂದೆತಾಯಿಗಳೊಡನೆ ಅಮೆರಿಕದ ಸರ್ಕಾರದ ಬಂಧನಶಿಬಿರದಲ್ಲಿದ್ದವರು. ಉಹೂರಾ ಪಾತ್ರದ ನಿಶೆಲ್ ನಿಕಲ್ಸ್ ಮೊದಲ ವರ್ಷದ ತರುವಾಯ ಕೆಲಸವನ್ನು ಬಿಡಲು ಯೋಚಿಸಿದ್ದರಂತೆ. ಬಿಡಬೇಡಿರೆಂದು ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಅವರೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. 1977ರಲ್ಲಿ ನಾಸಾ ಸಂಸ್ಥೆಯು ಸ್ತ್ರೀಯರನ್ನೂ ಬಿಳಿಯರಲ್ಲದವರನ್ನೂ ವ್ಯೋಮಯಾನಿಗಳಾಗಲು ಕರೆಯುವ ಕೆಲಸಕ್ಕೆ ಈಕೆಯ ನೆರವನ್ನೇ ಪಡೆಯಿತು. ಕಟ್ಟುಕಥೆಯ ನೌಕೆಯಿಂದ ನಿಜವಾದ ನೌಕೆಗೆ ಇಷ್ಟು ಬೇಗ ದಾರಿಯಾದ ಉದಾಹರಣೆಗಳು ಬಹಳ ಇರಲಾರವು.

ನಾನಾತ್ವವು ಶಿಸ್ತಿಗೆ ಶತ್ರುವೆಂಬ ಮಾತನ್ನು ನಾನು ಒಪ್ಪಲಾರದಿರುವುದು ಕಥೆಗಳ ಬಲದಿಂದಲ್ಲ, ಚರಿತ್ರೆಯಿಂದ. ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಕರಿಯರ ದಳಗಳು ಬೇರೆ, ಬಿಳಿಯರವು ಬೇರೆ. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಅವರ ಆಜ್ಞೆಯೊಂದು ಹೊರಟು, ಸೇನೆಯಲ್ಲಿ ಬಣ್ಣದ ಭೇದವಿಲ್ಲದೆ ಸಮಾನಾವಕಾಶವಿರತಕ್ಕದ್ದೆಂದು ವಿಧಿಸಿತು. ಪೂರ್ತಿ ಜಾರಿಗೆ ಬರಲು ಕೊರಿಯದ ಯುದ್ಧವೇ ಬೇಕಾಯಿತು, ನಿಜ. ಆದರೂ ಊರಿನ ಶಾಲೆಗಳಲ್ಲಿ, ಹೋಟೆಲುಗಳಲ್ಲಿ ಭೇದವು ತುಂಬಿದ್ದ ಕಾಲದಲ್ಲಿಯೇ ದಂಡಿನಲ್ಲಿ ಅದು ಸಡಿಲವಾಯಿತು. ಏಕೆ? ದಂಡಿನಲ್ಲಿ ಅಪ್ಪಣೆಯೆಂಬುದೊಂದಿತ್ತು. ಮನಸ್ಸು ಒಪ್ಪದವನೂ ಪಕ್ಕದಲ್ಲಿ ನಿಲ್ಲಬೇಕಾಗಿತ್ತು.

1966ರ ಡಿಸೆಂಬರಿನ ಸಂಚಿಕೆಯೊಂದರಲ್ಲಿ ಇದೇ ವಿಷಯವಿದೆ. ಹಿಂದಿನ ಯುದ್ಧದಲ್ಲಿ ಬಂಧುಗಳನ್ನು ಕಳೆದುಕೊಂಡ ಮನೆತನದ ಸ್ಟೈಲ್ಸ್ ಎಂಬ ಅಧಿಕಾರಿಯು, ಶತ್ರುಗಳ ಮುಖವೂ ಸ್ಪಾಕನ ಮುಖವೂ ಒಂದೇ ತೆರನಾಗಿರುವುದನ್ನು ಕಂಡು ಅವನನ್ನು ಗೂಢಚಾರನೆಂಬಂತೆ ಚುಚ್ಚುತ್ತಾನೆ. ಕರ್ಕನು ಉಪದೇಶಮಾಡುತ್ತ ಕೂಡುವುದಿಲ್ಲ. ಆ ದ್ವೇಷವನ್ನು ನಿನ್ನ ಕೊಠಡಿಯಲ್ಲಿಟ್ಟು ಬಾ, ಇಲ್ಲಿ ಅದಕ್ಕೆ ಸ್ಥಳವಿಲ್ಲ ಎಂಬರ್ಥದ ಒಂದು ಮಾತನ್ನಾಡಿ ಮುಗಿಸುತ್ತಾನೆ. ಕೊನೆಗೆ ಸ್ಟೈಲ್ಸನ ಪ್ರಾಣವನ್ನುಳಿಸುವವನೂ ಸ್ಪಾಕನೇ. ಆ ಕೊನೆಯು ನನಗೆ ಅಷ್ಟಾಗಿ ರುಚಿಸಲಿಲ್ಲ; ಪ್ರಾಣ ಉಳಿಸದಿದ್ದರೆ ಸ್ಪಾಕನು ಗೌರವಕ್ಕೆ ಅರ್ಹನಾಗುತ್ತಿರಲಿಲ್ಲವೇ? ನನಗೆ ಹಿಡಿಸಿದುದು ಕರ್ಕನ ಆ ಒಂದು ಮಾತು.

ಪಾಠಶಾಲೆಯಲ್ಲಿ ಓದಿದವನಿಗೆ ಇಲ್ಲಿ ವಿಭೀಷಣನು ನೆನಪಾಗದಿರುವುದು ಅಸಾಧ್ಯ. ಶತ್ರುವಿನ ತಮ್ಮನು ಆಕಾಶದಲ್ಲಿ ಬಂದು ನಿಂತಿದ್ದಾನೆ. ಸುಗ್ರೀವನು ಇವನನ್ನು ಕೊಲ್ಲಬೇಕೆನ್ನುತ್ತಾನೆ. ಅಂಗದ ಜಾಂಬವಂತರು ಶಂಕಿಸುತ್ತಾರೆ. ಹನುಮಂತನೊಬ್ಬನು ಬೇರೆ ಹೇಳುತ್ತಾನೆ. ರಾಮನು ಎಲ್ಲರ ಮಾತನ್ನೂ ಕೇಳಿದನು. ತೀರ್ಮಾನವಾದ ತರುವಾಯ, ಮೊದಲು ವಿರೋಧಿಸಿದ ಸುಗ್ರೀವನೇ ಅದನ್ನು ಒಪ್ಪಿ ನಡೆದನು. ಜೆಲಿಕೊ ರೈಕರರ ವ್ಯಾಜ್ಯದಲ್ಲಿ ನಾನು ಇಬ್ಬರನ್ನೂ ಹಿಡಿಯುವುದು ಇಲ್ಲಿಯೇ. ಒಬ್ಬನು ಕೇಳದೆಯೇ ತೀರ್ಮಾನಿಸಿದನು, ಇನ್ನೊಬ್ಬನು ತೀರ್ಮಾನವಾದ ಮೇಲೆಯೂ ತಡೆದನು. ಆದರೂ ತೂಕಕ್ಕಿಟ್ಟರೆ ತಕ್ಕಡಿಯು ಜೆಲಿಕೊನ ಕಡೆಗೆ ಕೊಂಚ ವಾಲುತ್ತದೆ. ಅವನ ಯುಕ್ತಿಯಿಂದಲೇ ಶತ್ರುಗಳು ಹಿಮ್ಮೆಟ್ಟಿದರು. ಮಾತ್ರವಲ್ಲ, ಶತ್ರುವಿನ ನೌಕೆಗಳ ನಡುವೆ ಸ್ಫೋಟಕಗಳನ್ನಿರಿಸಿ ಬರಲು ನಿಪುಣನೊಬ್ಬನು ಬೇಕಾದಾಗ, ತಾನೇ ಪದಚ್ಯುತಗೊಳಿಸಿದ್ದ ರೈಕರನ ಕೊಠಡಿಗೆ ಹೋಗಿ ಕೇಳಿಕೊಂಡನು.

ಕಿವಿಯ ಆಭರಣದ ಪ್ರಕರಣವು ಇನ್ನೂ ಸೂಕ್ಷ್ಮವಾದುದು. 1991ರಲ್ಲಿ ಬಜೋರ್ ಎಂಬ ಗ್ರಹದ ರೋ ಎಂಬ ತರುಣಿಯು ನೌಕೆಗೆ ಬರುತ್ತಾಳೆ. ಅವಳ ಜನರ ಸಂಪ್ರದಾಯದಂತೆ ಕಿವಿಯಲ್ಲೊಂದು ಆಭರಣ. ಸಮವಸ್ತ್ರದ ನಿಯಮಕ್ಕೆ ವಿರುದ್ಧವೆಂದು ಇದೇ ರೈಕರನು ಅದನ್ನು ತೆಗೆಸುತ್ತಾನೆ. ಅತ್ತ ಅದೇ ನೌಕೆಯ ವೋರ್ಫನು ತನ್ನ ಕುಲದ ಲೋಹದ ಪಟ್ಟಿಯೊಂದನ್ನು ಹೆಗಲಿನಿಂದ ಅಡ್ಡಲಾಗಿ ಧರಿಸಿ ನಿತ್ಯವೂ ಓಡಾಡುತ್ತಿರುತ್ತಾನೆ, ಅವನನ್ನು ಕೇಳುವವರಿಲ್ಲ! ಸಂಚಿಕೆಯ ಕೊನೆಗೆ, ನೌಕೆಯಲ್ಲಿ ಉಳಿಯಬೇಕಾದರೆ ಆಭರಣಕ್ಕೆ ಅನುಮತಿ ಬೇಕೆಂದು ಅವಳು ಕೇಳಿ ಪಡೆಯುತ್ತಾಳೆ. ಇದಕ್ಕೆ ಒಂದು ವರ್ಷ ಮೊದಲು, 1990ರಲ್ಲಿ, ಕೆನಡಾ ದೇಶದ ರಾಷ್ಟ್ರೀಯ ಪೊಲೀಸ್ ದಳದಲ್ಲಿ ಸಿಖ್ಖರಿಗೆ ಪಗಡಿ ಧರಿಸಲು ಅನುಮತಿ ದೊರೆತಿತ್ತು. ಅಲ್ಲಿಯೂ ದೊಡ್ಡ ಕೋಲಾಹಲವೇ ಆಗಿತ್ತು. ಪಗಡಿಯ ರೆಜಿಮೆಂಟುಗಳನ್ನು ಕಂಡ ನಮ್ಮ ದೇಶದವರಿಗೆ ಆ ಕೋಲಾಹಲವು ವಿಚಿತ್ರವಾಗಿ ತೋರುವುದು.

ಹೈಸ್ಕೂಲಿಗೆ ಸೇರಿದ ಹೊಸತರಲ್ಲಿ ನನಗೆ ಶಿಖೆಯಿತ್ತು. ಡ್ರಿಲ್ಲಿನ ಸಾಲಿನಲ್ಲಿ ಹುಡುಗರು ಹಿಂದಿನಿಂದ ಅದನ್ನೆಳೆದು ನಗುತ್ತಿದ್ದರು. ನಮ್ಮ ಡ್ರಿಲ್ ಮೇಷ್ಟರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಒಂದು ದಿನ ಸಾಲಿನ ಮುಂದೆ ನಿಂತು, "ಟೋಪಿಯ ಕೆಳಗೆ ಯಾರಿಗೆ ಏನಿದೆಯೆಂದು ನಾನು ನೋಡುವವನಲ್ಲ. ಟೋಪಿ ನೆಟ್ಟಗಿರಬೇಕು, ಕೈ ಪಕ್ಕದಲ್ಲಿರಬೇಕು. ಇನ್ನೊಬ್ಬನ ಟೋಪಿಗೆ ಕೈ ಹಾಕಿದವನು ಮೈದಾನವನ್ನು ಹತ್ತು ಸುತ್ತು ಓಡಬೇಕು" ಎಂದರು. ಇಬ್ಬರು ಓಡಿದರು. ಆಮೇಲೆ ಯಾರೂ ಎಳೆಯಲಿಲ್ಲ. ಶಿಸ್ತಿನ ವಿಷಯದಲ್ಲಿ ನಾನು ಮುಂದೆ ಓದಿದ ಗ್ರಂಥಗಳಾವುವೂ ಈ ಮಾತಿಗಿಂತ ಹೆಚ್ಚನ್ನು ಕಲಿಸಲಿಲ್ಲ.

ಇನ್ನು ಈಗಿನ ಜಗಳಕ್ಕೆ ಬರೋಣ. 2017ರಲ್ಲಿ ಡಿಸ್ಕವರಿ ಎಂಬ ಹೊಸ ಮಾಲೆಯು ಹೊರಟಿತು. ನಾಯಕಿ ಮೈಕೇಲ್ ಬರ್ನಮ್ ಕರಿಯ ಮಹಿಳೆ. ಅವಳು ಮೊದಲಿಗೇ ತನ್ನ ಅಧಿಪತಿಯ ಮೇಲೆ ದಂಗೆಯೆದ್ದು ಆಜೀವ ಕಾರಾಗೃಹಕ್ಕೆ ಗುರಿಯಾಗುತ್ತಾಳೆ. ಮೊದಲ ಮಾಲಿಕೆಯ ಕೊನೆಗೆ ಪದವಿಯು ಮರಳಿ ದೊರೆಯುತ್ತದೆ. ದಂಪತಿಗಳಂತೆ ಬಾಳುವ ಇಬ್ಬರು ಗಂಡಸರೂ ಆ ನೌಕೆಯಲ್ಲಿದ್ದಾರೆ. ನನ್ನ ಮಗನು ಇದನ್ನು ಕಂಡು ಸಿಡಿಮಿಡಿಗೊಳ್ಳುವನು. ನೌಕೆಯವರು ಕರ್ತವ್ಯಸ್ಥಾನದಲ್ಲಿ ನಿಂತು ಕಣ್ಣೀರು ಸುರಿಸುವುದೇನು, ದಂಗೆಕೋರಳಿಗೆ ಬಹುಮಾನವೇನು, ಎಲ್ಲ ಬಗೆಯವರನ್ನೂ ಸೇರಿಸುವ ಹಂಬಲದಲ್ಲಿ ಸೈನ್ಯದ ರೀತಿಯೇ ಕೆಟ್ಟಿತು ಎಂಬುದು ಅವನ ಪಕ್ಷ. ಕಣ್ಣೀರಿನ ಮಾತು ನನಗೂ ಒಪ್ಪಿಗೆಯೇ. ಆದರೆ ಅದು ಬರೆದವರ ದೋಷವಲ್ಲದೆ ಪೀಠದಲ್ಲಿ ಕುಳಿತವರ ದೋಷವಲ್ಲ. 1995ರಲ್ಲಿ ಬಂದ ವಾಯೇಜರ್ ಮಾಲೆಯ ಅಧಿಪತಿ ಜೇನ್‌ವೇ ಹೆಂಗಸೇ. ಅವಳು ತನ್ನ ಮಾತನ್ನು ಮೀರಿದ ಅಧಿಕಾರಿಯೊಬ್ಬನನ್ನು ಕೆಳದರ್ಜೆಗಿಳಿಸಿ 30 ದಿನ ಏಕಾಂತ ಸೆರೆಯಲ್ಲಿಟ್ಟಳು! ಮಗನ ಹೇತುವಿನಲ್ಲಿ ವ್ಯಭಿಚಾರ ದೋಷವಿದೆಯೆಂದು ನಾನು ಹೇಳಿದರೆ, ನ್ಯಾಯಶಾಸ್ತ್ರದ ಆ ಶಬ್ದವನ್ನು ಕೇಳಿ ಅವನು ನಗುತ್ತಾನೆ.

ಈ ವಾದವು ನಮ್ಮಲ್ಲಿ ಬರಿಯ ವಿನೋದವಾಗಿ ಉಳಿದಿಲ್ಲ. ಮಗಳ ಮಗಳು, ಹದಿನೇಳು ವರ್ಷದವಳು, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಕೂಡುವೆನೆಂದು ಹಟತೊಟ್ಟಿದ್ದಾಳೆ. ಸರ್ವೋಚ್ಚ ನ್ಯಾಯಾಲಯದ 2021ರ ಆದೇಶದಿಂದ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ ಯುವತಿಯರು 2025ರ ಮೇ 30ರಂದು ಅಲ್ಲಿಂದ ಉತ್ತೀರ್ಣರಾಗಿ ಹೊರಬಂದರು. ನಮ್ಮ ಮನೆಯವರಿಗೆ ಊಟದ ಚಿಂತೆ, ಮಗಳಿಗೆ ಗುಂಡಿನ ಚಿಂತೆ. ಮಗನು ಮಾತ್ರ, "ಅಪ್ಪಾ, ಅವಳು ಚುರುಕು, ನಿಜ. ಅಲ್ಲಿ ಗಂಡುಹುಡುಗರು ಅವಳ ಆಜ್ಞೆಯನ್ನು ಕೇಳುತ್ತಾರೆಯೇ?" ಎಂದನು. ಒಳಗಿನಿಂದ ಅವಳೇ ಉತ್ತರ ಕೊಟ್ಟಳು: "ಕೇಳದಿದ್ದರೆ ಶಿಸ್ತು ಕೆಟ್ಟದ್ದು ಅವರದು, ಮಾಮ. ನನ್ನದು ಹೇಗಾಗುತ್ತೆ?" ಮಗನಿಗೆ ಉತ್ತರ ತೋಚಲಿಲ್ಲ. ನನಗೆ ಡ್ರಿಲ್ ಮೇಷ್ಟರ ಧ್ವನಿಯೇ ಕೇಳಿಸಿದಂತಾಯಿತು.

ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೆ 300 ಅಂಕಗಳು. ತ್ರಿಕೋಣಮಿತಿಯಲ್ಲಿ ಅವಳು ಸ್ವಲ್ಪ ಹಿಂದೆ. ಪ್ರತಿ ಭಾನುವಾರ ಬೆಳಗ್ಗೆ ಎರಡು ಗಂಟೆ ಅದನ್ನು ಹೇಳಿಕೊಡುತ್ತಿರುವವನು ಈ ಸೋದರಮಾವನೇ. ಪಾಠವಾದ ಮೇಲೆ ಕಾಫಿ, ಕಾಫಿಯೊಡನೆ ಜೆಲಿಕೊ. ಕಳೆದ ವಾರವಂತೂ ಮಧ್ಯಾಹ್ನದ ಎಲೆ ಹಾಕುವ ತನಕ ನಡೆಯಿತು.