ಕೊಣಾಜೆಗೆ ಒಮ್ಮೆ ಹೋಗಿ ಬನ್ನಿ

ಮೇ ತಿಂಗಳು ಬಂತೆಂದರೆ ನಮ್ಮ ಕಡೆಯ ಪೇಟೆಗಳಲ್ಲಿ ಬ್ಯಾನರುಗಳ ಸುಗ್ಗಿ. ಶೇಕಡಾ ನೂರು ಫಲಿತಾಂಶ, ಇಂತಿಷ್ಟು ರ‍್ಯಾಂಕು, ಜತೆಗೆ ಸಾಲಾಗಿ ಮಕ್ಕಳ ಭಾವಚಿತ್ರ. ಹೆತ್ತವರು ನನ್ನಂಥ ಹೈಸ್ಕೂಲು ಮಾಸ್ತರನನ್ನು ಹಿಡಿದು ಕೇಳುವ ಪ್ರಶ್ನೆಯೂ ಒಂದೇ: "ಮಾಸ್ಟ್ರೇ, ಯಾವ ಕಾಲೇಜು ಒಳ್ಳೆಯದು?" ಸುಮಾರು ಮೂವತ್ತು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಏನು ನಡೆಯುತ್ತದೆ ಎಂದು ಕೇಳಿದವರು ಬೆರಳೆಣಿಕೆಯ ಮಂದಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ದೇರಳಕಟ್ಟೆ, ಅಸೈಗೋಳಿ ಎಂದು ಸುಮಾರು ಇಪ್ಪತ್ತು ಕಿಲೋಮೀಟರು. ದೇರಳಕಟ್ಟೆಯ ಆಸ್ಪತ್ರೆಗಳವರೆಗೆ ಎಲ್ಲರೂ ಹೋಗಿರುತ್ತಾರೆ. ಅಲ್ಲಿಂದ ಮುಂದೆ ಹೋದವರು ಕಡಿಮೆ.

ನನ್ನ ಬಿ.ಎಸ್ಸಿ. ಅಂಕಪಟ್ಟಿಯ ಮೇಲೂ ಮಂಗಳೂರು ವಿಶ್ವವಿದ್ಯಾನಿಲಯ ಎಂದೇ ಅಚ್ಚಾಗಿದೆ. ಆದರೆ ನಾನು ಓದಿದ್ದು ಅದಕ್ಕೆ ಸಂಯೋಜಿತವಾದ ಒಂದು ಕಾಲೇಜಿನಲ್ಲಿ. ಪಾಠ ಕಾಲೇಜಿನದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ವಿಶ್ವವಿದ್ಯಾನಿಲಯದ್ದು. ಆ ಮೂರು ವರ್ಷ ನಮಗೆ ಕೊಣಾಜೆ ಎಂದರೆ ಪ್ರಶ್ನೆಪತ್ರಿಕೆ ಬರುವ ಊರು, ಅಷ್ಟೆ. ಮನೆಯಲ್ಲಿ ತಮ್ಮ ತಂಗಿಯರಿದ್ದರು, ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದೆ. ಆ ಗುಡ್ಡವನ್ನು ಮೊದಲು ಹತ್ತಿದ್ದು ಶಾಲೆಯ ಮಕ್ಕಳನ್ನು ಕರೆದುಕೊಂಡು. ಆಗಲೇ ತಿಳಿದದ್ದು, ಪರೀಕ್ಷೆಯ ಕಚೇರಿ ವಿಶ್ವವಿದ್ಯಾನಿಲಯದ ಒಂದು ಮೂಲೆ ಮಾತ್ರ ಎಂದು.

1968ರಲ್ಲಿ ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಯಿತು. ಮೈಸೂರಿನ ಆವರಣಕ್ಕೆ ಕುವೆಂಪು 'ಮಾನಸಗಂಗೋತ್ರಿ' ಎಂದು ಹೆಸರಿಟ್ಟಿದ್ದರು. ಇದು 'ಮಂಗಳಗಂಗೋತ್ರಿ' ಆಯಿತು. ಕವಿ ಎಸ್.ವಿ. ಪರಮೇಶ್ವರ ಭಟ್ಟರು ಕನ್ನಡ ವಿಭಾಗವನ್ನು ಕಟ್ಟಲು ಬಂದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಅದಕ್ಕೆ ಮೊದಲು ನಮ್ಮ ಕಡೆಯ ಹುಡುಗನಿಗೆ ಎಂ.ಎಸ್ಸಿ. ಬೇಕೆಂದರೆ ಮೈಸೂರೋ ಧಾರವಾಡವೋ, ಅಂತೂ ಘಟ್ಟ ಹತ್ತಬೇಕು. ಹುಡುಗಿಯ ವಿಷಯದಲ್ಲಿ ಆ ಮಾತೇ ಏಳುತ್ತಿರಲಿಲ್ಲ. 1980ರ ಸೆಪ್ಟೆಂಬರಿನಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಇತಿಹಾಸಕಾರ ಬಿ. ಷೇಕ್ ಅಲಿ ಮೊದಲ ಕುಲಪತಿಗಳು. ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿರುವ, ಹತ್ತೊಂಬತ್ತನೇ ಶತಮಾನದ ಹಳೆಯ ಸರಕಾರಿ ಕಾಲೇಜು ಮುಂದೆ ಅದರದೇ ಕಾಲೇಜಾಯಿತು.

ಇತಿಹಾಸ ಅಷ್ಟು ಸಾಕು. ಒಳಗೆ ನಡೆಯುವ ಕೆಲಸದ ಮಾತಿಗೆ ಬರುತ್ತೇನೆ.

ಉಳ್ಳಾಲದ ಕಡಲತೀರಕ್ಕೆ ನೀವು ಹೋಗಿರಬಹುದು. ಮರಳಿನಲ್ಲಿ ಅಲ್ಲಲ್ಲಿ ಕಪ್ಪು ಪಟ್ಟಿಗಳು ಕಾಣುತ್ತವೆ. ಅಕ್ಕಿ ಗಾಳಿಸುವಾಗ ಕಲ್ಲು ತಳದಲ್ಲಿ ಉಳಿಯುವ ಹಾಗೆ, ಅಲೆಗಳು ಹಗುರವಾದ ಮರಳನ್ನು ಒಯ್ದು ಭಾರದ ಖನಿಜಗಳನ್ನು ದಡದಲ್ಲಿ ಬಿಟ್ಟುಹೋಗುತ್ತವೆ. ಈ ಭಾರದ ಖನಿಜಗಳಲ್ಲಿ ಮೊನಜೈಟ್ ಒಂದು. ಅದರೊಳಗೆ ಥೋರಿಯಂ ಇದೆ, ಥೋರಿಯಂ ವಿಕಿರಣ ಸೂಸುತ್ತದೆ. ಉಳ್ಳಾಲದ ತೀರದಲ್ಲಿ ನೈಸರ್ಗಿಕ ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚಿದೆ ಎಂದು ಅಳೆದು, 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದವರು ಇದೇ ಕೊಣಾಜೆಯ ಭೌತವಿಜ್ಞಾನಿಗಳು. ಕೇರಳದ ಕೊಲ್ಲಂ ಕಡೆಯ ತೀರದ ಹಾಗೆ ಇದು ಪ್ರಕೃತಿ ಇಟ್ಟದ್ದು, ಯಾವ ಕಾರ್ಖಾನೆಯೂ ತಂದು ಸುರಿದದ್ದಲ್ಲ. ನಮ್ಮ ಮಕ್ಕಳು ಕಡಲೆ ತಿನ್ನುತ್ತಾ ನಡೆದಾಡುವ ಮರಳನ್ನು ಒಬ್ಬರು ಉಪಕರಣ ಹಿಡಿದು ನಡೆದು ಅಳೆದಿದ್ದಾರೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನೊಂದು ನನಗೆ ಇದಕ್ಕಿಂತ ಇಷ್ಟ. ಚಿತ್ರದುರ್ಗದಲ್ಲಿ ತಿಮ್ಮಣ್ಣನಾಯಕನ ಕೆರೆ ಇದೆ. ಕೊಣಾಜೆಯ ಸಾಗರ ಭೂವಿಜ್ಞಾನ ವಿಭಾಗದವರು ಆ ಕೆರೆಯ ಹೂಳನ್ನು ತೆಗೆದು, ಪದರ ಪದರವಾಗಿ ಅದರ ಕಾಂತಗುಣವನ್ನು ಅಳೆದರು. ಹೂಳಿಗೂ ಆಯಸ್ಕಾಂತಕ್ಕೂ ಏನು ಸಂಬಂಧ? ಮಳೆ ಚೆನ್ನಾಗಿ ಬಂದ ಕಾಲದಲ್ಲಿ ಮಣ್ಣಿನೊಳಗಿನ ಕಬ್ಬಿಣದಿಂದ ಅತಿ ಸಣ್ಣ ಕಾಂತೀಯ ಕಣಗಳು ಹೆಚ್ಚಾಗಿ ಹುಟ್ಟುತ್ತವೆ. ಮಳೆನೀರು ಅವನ್ನು ತೊಳೆದು ಕೆರೆಗೆ ತರುತ್ತದೆ. ಬರಗಾಲದಲ್ಲಿ ಕಡಿಮೆ. ಹೀಗೆ ಕೆರೆಯ ತಳ ವರ್ಷ ವರ್ಷದ ಮಳೆಯನ್ನು ಬರೆದಿಟ್ಟುಕೊಳ್ಳುತ್ತದೆ. ಅವರು 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ 3,700 ವರ್ಷಗಳ ಮುಂಗಾರಿನ ಏರಿಳಿತ ಇದೆ. ನಮ್ಮ ದೇಶದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ! ಅದಕ್ಕಿಂತ ಹಿಂದಿನದನ್ನು ತಿಳಿಯಬೇಕಾದರೆ ಕೆಸರನ್ನೇ ಕೇಳಬೇಕು.

ಅಲ್ಲಿ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕವೂ ಇದೆ. ಎಲೆಕ್ಟ್ರಾನ್ ಸುತ್ತು ಹೊಡೆದು ಒಂದೇ ಜಾಗಕ್ಕೆ ಮರಳಿದಾಗಲೆಲ್ಲ ಒಂದು ನೂಕು ಸಿಗುತ್ತದೆ. ಮುಂದಿನ ಸುತ್ತು ಇನ್ನಷ್ಟು ದೊಡ್ಡದು. ಕೊನೆಗೆ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಹಳೆಯ ಬಣ್ಣದ ಟಿ.ವಿ.ಯ ಪಿಕ್ಚರ್ ಟ್ಯೂಬಿನಲ್ಲಿ ಅದು ಇಪ್ಪತ್ತು ಇಪ್ಪತ್ತೈದು ಸಾವಿರದ ಸುತ್ತಮುತ್ತ ಇರುತ್ತಿತ್ತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಸ್ಸಿ. ಮುಗಿಸಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ಹಟ ಹಿಡಿದಳು. ಸುಳ್ಯದ ಕಡೆಯವಳು, ಅಪ್ಪನಿಗೆ ಎರಡೆಕರೆ ಅಡಿಕೆ ತೋಟ. ಬ್ಯಾಂಕಿನ ಪರೀಕ್ಷೆ ಬರೆಯಲಿ ಎಂಬುದು ಅವರ ಅಭಿಪ್ರಾಯ. "ಎಂ.ಎಸ್ಸಿ. ಮಾಡಿ ಎಂತ ಮಾಡುವುದು ಮಾಸ್ಟ್ರೇ? ಕೊನೆಗೆ ಬಿ.ಎಡ್. ಮಾಡಿ ನಿಮ್ಮ ಹಾಗೆ ಆಗುವುದಲ್ವಾ?" ಎಂದರು. ಮನುಷ್ಯ ಒಳ್ಳೆಯವರು, ಮಾತು ಸ್ವಲ್ಪ ನೇರ. ವಾದ ಮಾಡುವ ಬದಲು ಅಪ್ಪ ಮಗಳಿಬ್ಬರನ್ನೂ ಕೊಣಾಜೆಗೆ ಕರೆದುಕೊಂಡು ಹೋದೆ. ಭೌತಶಾಸ್ತ್ರ ವಿಭಾಗದಲ್ಲಿ ಅವರು ಕೈಕಟ್ಟಿ ನಿಂತದ್ದೇ ಬಂತು. ಆದರೆ ಸಂಶೋಧನೆ ಮಾಡುವ ಹುಡುಗನೊಬ್ಬ ಕೆರೆಯ ಹೂಳಿನ ಕಥೆ ಹೇಳಿದಾಗ ಮುಖ ಅರಳಿತು. "ನನ್ನ ಪುಸ್ತಕದಲ್ಲಿ ಇಪ್ಪತ್ತೆಂಟು ವರ್ಷದ ಮಳೆ ಉಂಟು. ಅದು ಯಾರಿಗಾದರೂ ಬೇಕಾ?" ಎಂದು ಕೇಳಿದರು. ನಮ್ಮ ಅಡಿಕೆ ಬೆಳೆಗಾರರಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆಯುವವರು ಹಲವರಿದ್ದಾರೆ. ಅಳೆದ ಮಳೆಯನ್ನು ಮೇಲಿನ ಪದರಗಳ ಜತೆ ಹೋಲಿಸಿದರೆ ತಾನೆ ಕೆಳಗಿನ ಪದರಗಳ ಮಾತು ಅರ್ಥವಾಗುವುದು, ಎಂದ ಆ ಹುಡುಗ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಹಾಸ್ಟೆಲಿನ ಖರ್ಚು ಎಷ್ಟು ಎಂದು ಮಾತ್ರ. ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ. ಕೆಲಸ ಸಿಗುತ್ತದೋ ಇಲ್ಲವೋ, ನಾನು ಮಾತು ಕೊಟ್ಟಿಲ್ಲ.

ಎಲ್ಲವೂ ಚೆನ್ನಾಗಿದೆ ಎಂದು ಹೇಳಿದರೆ ಮಕ್ಕಳಿಗೆ ಮೋಸ. ರಾಜ್ಯದ ಹಳೆಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಕಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಭಾರ. ಮಾರ್ಗದರ್ಶಕರೇ ಇಲ್ಲದಿದ್ದರೆ ಸಂಶೋಧನೆ ಯಾರಿಂದ ಕಲಿಯುವುದು? ಕೊಡಗಿನ ಮಕ್ಕಳ ಪಾಡು ಇನ್ನೂ ಬೇರೆ. ಅವರು ಘಟ್ಟ ಇಳಿದು ನೂರಕ್ಕೂ ಹೆಚ್ಚು ಕಿಲೋಮೀಟರು ಬರಬಾರದೆಂದು ಕುಶಾಲನಗರದ ಸಮೀಪ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ತನ್ನ ಸ್ನಾತಕೋತ್ತರ ಕೇಂದ್ರ ತೆರೆದಿತ್ತು. 2023ರಲ್ಲಿ ಅದೇ ಕೊಡಗು ವಿಶ್ವವಿದ್ಯಾನಿಲಯವಾಯಿತು. 2025ರ ಆರಂಭದಲ್ಲಿ, ರಾಜ್ಯದ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪ ಸಚಿವ ಸಂಪುಟದ ಉಪಸಮಿತಿಯಿಂದ ಬಂತು, ಕೊಡಗಿನದೂ ಅದರಲ್ಲಿತ್ತು. ಮಂಗಳಗಂಗೋತ್ರಿ ಮೈಸೂರಿನ ಆಸರೆಯಲ್ಲಿ ಹನ್ನೆರಡು ವರ್ಷ ಬೆಳೆದು ಆಮೇಲೆ ಬೇರೆ ಮನೆ ಹೂಡಿತು. ಬೋರ್ಡು ಬದಲಾಯಿಸಲು ಒಂದು ದಿನ ಸಾಕು. ಪ್ರಯೋಗಾಲಯ, ಗ್ರಂಥಾಲಯ, ಅಧ್ಯಾಪಕರು ಹಾಗಲ್ಲ. ಮುಚ್ಚುವ ಮಾತು ಹಣದ ಲೆಕ್ಕದಿಂದ ಬರುತ್ತದೆ. ಹತ್ತಿರದಲ್ಲಿ ಇದ್ದರೆ ಮಾತ್ರ ಓದುವ ಹುಡುಗಿಯರ ಲೆಕ್ಕವನ್ನೂ ಯಾರಾದರೂ ಹಾಕಬೇಡವೇ?

ಕೊಣಾಜೆ ನೋಡಲು ಹೋಗುವವರು ಕೆಲಸದ ದಿನವೇ ಹೋಗಿ. ವಿಭಾಗದ ಮುಖ್ಯಸ್ಥರಿಗೆ ಮೊದಲೇ ಒಂದು ಪತ್ರ ಬರೆದಿರಿ. ಈ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಎಂ.ಎಸ್ಸಿ. ಮಕ್ಕಳ ಕೈಗೆ ಉಪಕರಣ ಕೊಡುತ್ತೀರಾ, ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ಅದು ನಿಮ್ಮ ತೆರಿಗೆಯಿಂದ ನಡೆಯುವ ಮನೆ. ಮಳೆಗಾಲದಲ್ಲಾದರೆ ಕೊಡೆ ಮರೆಯಬೇಡಿ. ಒಂದು ವಿಭಾಗದಿಂದ ಇನ್ನೊಂದಕ್ಕೆ ನಡೆಯುವುದಕ್ಕೆ ಸಾಕಷ್ಟು ಇದೆ.